ಮಳೆನಾಡಿನಲ್ಲಿ ಹಳೆಯ ಮೋಟಾರು ವಾಹನದ ಪಾಲನೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ತೋಟಗಾರರ ಮನೆಗಳಲ್ಲಿ ಹಳೆಯದೊಂದು ಜೀಪಾಗಲಿ ಕಾರಾಗಲಿ ಇರುವುದು ಸಾಮಾನ್ಯ. ಪೇಟೆಗೂ ನೆಂಟರ ಮನೆಗೂ ಹೋಗಲು ಹೊಸ ಕಾರನ್ನು ಕೊಂಡಿರುವವರು ಸಹ ಗೊಬ್ಬರದ ಚೀಲ, ಹಿಂಡಿ, ತೆಂಗಿನಕಾಯಿ, ಅಡಿಕೆಯ ಗೋಣಿ ಮುಂತಾದುವನ್ನು ಸಾಗಿಸುವುದಕ್ಕೆ ಆ ಹಳೆಯ ವಾಹನವನ್ನೇ ಅವಲಂಬಿಸಿರುತ್ತಾರೆ. ಇಷ್ಟೇ ಅಲ್ಲ. ಘಾಟಿಯ ಬುಡದ ಗ್ರಾಮಗಳಲ್ಲಿ ಆಟಿ ತಿಂಗಳ ರಾತ್ರಿ ಹಾವು ಕಚ್ಚಿದವರನ್ನಾಗಲಿ ಹೆರಿಗೆಯ ಬೇನೆ ತೊಡಗಿದವರನ್ನಾಗಲಿ ಕೆಸರಿನ ದಾರಿಯಲ್ಲಿ ಮುಖ್ಯ ರಸ್ತೆಗೆ ತಲಪಿಸುವ ಭಾರವೂ ಅನೇಕ ವೇಳೆ ಅದರ ಮೇಲೆಯೇ ಬೀಳುತ್ತದೆ. ನೆರೆಕರೆಯವರು ಬಂದು ಬಾಗಿಲು ತಟ್ಟುವುದು ಗುತ್ತಿನ ಮನೆಗೆ, ಗುರಿಕಾರರ ಮನೆಗೆ. ಅಲ್ಲಿಯ ಜೀಪು ಆ ಹೊತ್ತಿಗೆ ಹೊರಡದಿದ್ದರೆ ಬೇರೆ ಉಪಾಯವಿರುವುದಿಲ್ಲ. ಆದುದರಿಂದ ಇಂತಹ ವಾಹನದ ಸ್ಥಿತಿಯು ಯಜಮಾನರ ಸ್ವಂತ ಲಾಭನಷ್ಟಕ್ಕೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಪಂಪು, ಪವರ್ ಟಿಲ್ಲರು ಇವುಗಳ ಜತೆಯಲ್ಲಿ ಇದನ್ನೂ ಕೃಷಿಯ ಉಪಕರಣಗಳಲ್ಲೊಂದೆಂದೇ ಎಣಿಸಿ ಈ ಲೇಖನವನ್ನು ಬರೆಯಲಾಗಿದೆ.

1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯವರು ಈ ಜಿಲ್ಲೆಯಲ್ಲಿ ಮೋಟಾರು ಬಸ್ಸನ್ನು ಓಡಿಸತೊಡಗಿದರು. ಅಂದಿನಿಂದ ಇಂದಿನವರೆಗೆ ನಮ್ಮ ರಸ್ತೆಗಳ ಮೇಲೆ ಬಂದುಹೋದ ವಾಹನಗಳ ಜಾತಿಗಳು ಹಲವು. ಈಗ ಮನೆಗಳಲ್ಲಿ ಉಳಿದಿರುವವುಗಳಲ್ಲಿ ಮಹೀಂದ್ರಾ ಜೀಪು, ಅಂಬಾಸಿಡರ್, ಮಾರುತಿ 800, ಓಮ್ನಿ ಇವೇ ಹೆಚ್ಚು. ಅಂಬಾಸಿಡರ್ ಕಾರು 1958ರಿಂದ 2014ರ ವರೆಗೆ ತಯಾರಾಯಿತು. ಮಾರುತಿ 800 ಎಂಬುದು 1983ರಲ್ಲಿ ಪ್ರಾರಂಭವಾಗಿ ಅದೇ 2014ರಲ್ಲಿ ನಿಂತಿತು. ಆದಕಾರಣ ಈ ಎರಡು ಜಾತಿಯ ಕಾರುಗಳಲ್ಲಿ ಅತ್ಯಂತ ಎಳೆಯದೂ ಹತ್ತು ವರ್ಷವನ್ನು ದಾಟಿಯೇ ಇದೆ. ಇವುಗಳಿಗಿಂತ ಎಷ್ಟೋ ಹಳೆಯ ಕಾರುಗಳನ್ನು ನೋಡಬೇಕೆಂದಿರುವವರು ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಹಳೆಯ ವಾಹನಗಳ ಸಂಗ್ರಹಾಲಯವನ್ನು ಹೊಕ್ಕು ಬರಬಹುದು. ಅಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು: ಆ ಕಾರುಗಳು ನಿಂತಿರುವುದು ಒಣಗಿದ ನೆಲದ ಮೇಲೆ, ಮಾಡಿನ ಕೆಳಗೆ. ಇದೇ ಘಾಟಿಯ ಬುಡದ ಮಳೆಯಲ್ಲಿ, ಇದೇ ತೇವದ ಗಾಳಿಯಲ್ಲಿ, ಅಷ್ಟು ಹಳೆಯ ಕಬ್ಬಿಣವು ಉಳಿದಿರಬೇಕಾದರೆ ನಮ್ಮ ಅಂಗಳದ ಜೀಪು ಉಳಿಯದಿರಲು ಕಾರಣವೇನೆಂದು ಯಾರಾದರೂ ಕೇಳಬಹುದು.

ವಾಹನದ ವಯಸ್ಸನ್ನು ಅದು ಓಡಿದ ಕಿಲೋಮೀಟರುಗಳಿಂದ ಅಳೆಯುವುದು ಸಾಮಾನ್ಯ ವಾಡಿಕೆ. ಕೊಳ್ಳುವವರು ಮೊದಲು ನೋಡುವುದು ಮೀಟರಿನ ಅಂಕೆಯನ್ನೇ. ಹಳೆಯ ವಾಹನಗಳ ಅನೇಕ ಮೀಟರುಗಳಲ್ಲಿ ಐದೇ ಅಂಕೆಗಳಿದ್ದು, 99,999 ಆದ ಮೇಲೆ ಅವು ಪುನಃ ಸೊನ್ನೆಯಿಂದ ತೊಡಗುತ್ತವೆ. ತಂತಿ ತುಂಡಾಗಿ ವರ್ಷಗಟ್ಟಲೆ ನಿಂತಿರುವ ಮೀಟರುಗಳೂ ಬಹಳ. ಅದು ಹೇಗಾದರೂ ಇರಲಿ, ಈ ಸೀಮೆಯ ಮಟ್ಟಿಗೆ ಓಡಿದ ದೂರವು ಎರಡನೆಯ ಮಾತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ವಾಹನವನ್ನು ಕೊಲ್ಲುವುದು ಓಟವಲ್ಲ, ನೀರು. ಈ ಲೇಖಕನು ಸಂಚಾರದಲ್ಲಿ ಕಂಡ ಎರಡು ಜೀಪುಗಳನ್ನು ಇದಕ್ಕೆ ಉದಾಹರಣೆಯಾಗಿ ಕೊಡಬಹುದು. ಎರಡೂ ಒಂದೇ ಗ್ರಾಮದವು. ಒಂದೇ ವರ್ಷದಲ್ಲಿ ಕೊಂಡವು. ಒಂದು ಎರಡು ಲಕ್ಷ ಕಿಲೋಮೀಟರಿಗೆ ಮೇಲ್ಪಟ್ಟು ಓಡಿ, ಎಂಜಿನನ್ನು ಒಮ್ಮೆ ಬಿಚ್ಚಿಸಿಕೊಂಡು, ಈಗಲೂ ದಿನವೂ ಕೆಲಸ ಮಾಡುತ್ತಿದೆ. ಇನ್ನೊಂದು ಅದರ ಮೂರನೆಯ ಒಂದು ಪಾಲು ಸಹ ಓಡಿರಲಿಕ್ಕಿಲ್ಲ. ಅದರ ಎಂಜಿನಿನ ಶಬ್ದವೂ ಚೆನ್ನಾಗಿದೆ. ಆದರೆ ನೆಲದ ತಗಡಿನಲ್ಲಿ ಕಾಲು ಇಳಿಯುವಷ್ಟು ತೂತು, ಹಿಂದಿನ ಸ್ಪ್ರಿಂಗು ಚಾಸಿಸಿಗೆ ಸೇರುವಲ್ಲಿ ಕಬ್ಬಿಣವು ಹಪ್ಪಳದಂತೆ ಪದರುಪದರಾಗಿ ಎದ್ದಿದೆ. ಮೊದಲನೆಯದು ರಾತ್ರಿ ಮಾಡಿನ ಕೆಳಗೆ ನಿಲ್ಲುತ್ತದೆ. ಎರಡನೆಯದು ಹಲಸಿನ ಮರದ ಬುಡದಲ್ಲಿ ನಿಲ್ಲುತ್ತದೆ. ಮೇಲಾಗಿ ತೋಟಕ್ಕೆ ಬೇಕಾದ ಮೈಲುತುತ್ತು ಪ್ರತಿ ವರ್ಷವೂ ಅದರಲ್ಲಿಯೇ ಬರುತ್ತದೆ.

ಮೈಲುತುತ್ತು ಮತ್ತು ಗೊಬ್ಬರ

ಈ ಕೊನೆಯ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಏಕೆಂದರೆ ಬೇರೆ ಸೀಮೆಗಳಲ್ಲಿ ಬರೆದ ಮೋಟಾರು ಪುಸ್ತಕಗಳಲ್ಲಿ ಇದು ಸಿಕ್ಕುವುದಿಲ್ಲ. ಕೊಳೆರೋಗವನ್ನು, ಎಂದರೆ ತುಳುವಿನಲ್ಲಿ ಮಹಾಳಿ ಎನ್ನುವುದನ್ನು, ತಡೆಯುವುದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮ ನಮ್ಮ ಕೃಷಿಕರೆಲ್ಲರಿಗೂ ತಿಳಿದದ್ದೇ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. ದ್ರಾವಣದ ಹದ ಸರಿಯಾಗಿದೆಯೇ ಎಂದು ನೋಡಲು ಹೊಳಪಿರುವ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ಬಣ್ಣವು ಶುದ್ಧ ತಾಮ್ರ. ದ್ರಾವಣದಲ್ಲಿರುವ ತಾಮ್ರವು ಹೊರಕ್ಕೆ ಬಂದು ಕತ್ತಿಯ ಮೇಲೆ ಕೂರಬೇಕಾದರೆ ಕತ್ತಿಯ ಕಬ್ಬಿಣವು ಅಷ್ಟರ ಮಟ್ಟಿಗೆ ಕರಗಿ ದ್ರಾವಣಕ್ಕೆ ಇಳಿಯಲೇಬೇಕು. ಕೊಟ್ಟಿಗೆಯ ಮುಂದೆ ಕತ್ತಿಯಲ್ಲಿ ನಡೆಯುವ ಈ ಪರೀಕ್ಷೆಯೇ, ಚೀಲದಿಂದ ಉದುರಿದ ಮೈಲುತುತ್ತಿನ ಹರಳು ಮಳೆನೀರಿನಲ್ಲಿ ಕರಗಿದಾಗ, ಜೀಪಿನ ನೆಲದಲ್ಲಿ ನಾಲ್ಕು ತಿಂಗಳು ಎಡೆಬಿಡದೆ ನಡೆಯುತ್ತದೆ. ಇದಲ್ಲದೆ ಹೀಗೆ ಕೂತ ತಾಮ್ರವು ಪಕ್ಕದ ಕಬ್ಬಿಣಕ್ಕೆ ತುಕ್ಕು ಬೇಗನೆ ಹಿಡಿಯುವಂತೆಯೂ ಮಾಡುತ್ತದೆ.

ಆದುದರಿಂದ ಮೈಲುತುತ್ತನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟೇ ತರತಕ್ಕದ್ದು. ಚೀಲದಲ್ಲಿಯೇ ತರುವುದಾದರೆ ಅಡಿಯಲ್ಲಿ ಅಂಚು ಎತ್ತಿದ ದಪ್ಪ ಟಾರ್ಪಾಲನ್ನು ಹಾಸಬೇಕು. ಉದುರಿದ್ದೇ ಆದರೆ ನೀರು ಹಾಕುವುದಕ್ಕೆ ಮೊದಲು ಒಣಗಿದ ಗುಡಿಸಲಿನಿಂದ ಪೂರ್ತಿಯಾಗಿ ಗುಡಿಸಿ ತೆಗೆಯಬೇಕು. ಅನಂತರ ತೆಳುವಾದ ಸುಣ್ಣದ ತಿಳಿಯನ್ನು ಹೊಯ್ದರೆ ಉಳಿದ ತಾಮ್ರವು ಅಲ್ಲಿಯೇ ಗಷ್ಟಾಗಿ ಇಳಿದು ಕಬ್ಬಿಣಕ್ಕೆ ನಿರಪಾಯವಾಗುತ್ತದೆ. ಆಮೇಲೆ ಧಾರಾಳವಾಗಿ ಶುದ್ಧನೀರಿನಿಂದ ತೊಳೆದು ಒಣಗಿಸಬೇಕು. ಸಿಂಪರಣೆಯ ಪಂಪನ್ನೂ ದ್ರಾವಣದ ಪೀಪಾಯಿಯನ್ನೂ ಹೊತ್ತ ವಾಹನಕ್ಕೂ ಇದೇ ಉಪಚಾರ ಸಲ್ಲುತ್ತದೆ. ಪೊಟ್ಯಾಷ್ ಗೊಬ್ಬರವು ಅಡುಗೆಯ ಉಪ್ಪಿನ ಜಾತಿಯದೇ ಆದ ಕ್ಲೋರೈಡು. ಯೂರಿಯಾ ಗಾಳಿಯ ತೇವವನ್ನು ಹೀರಿ ನೀರಾಗುತ್ತದೆ. ಇವೆರಡೂ ನೆಲದ ಮೂಲೆಗಳಲ್ಲಿ ಉಳಿದರೆ ಸಮುದ್ರತೀರದಲ್ಲಿ ವಾಹನ ನಿಲ್ಲಿಸಿದಷ್ಟೇ ಹಾನಿ.

ನಿಲ್ಲಿಸುವ ಸ್ಥಳ

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ನಿರ್ಮಾಣವಾಯಿತು. ಅದನ್ನು ಕಟ್ಟಿಸಿದವರು ಕಲ್ಲಿನ ಕಟ್ಟಡಕ್ಕೇ ಇಳಿಜಾರಾದ ಮಾಡನ್ನು ಹೊದಿಸಿದರು. ಕಲ್ಲಿಗೆ ಬೇಕಾದ ಮಾಡು ಕಬ್ಬಿಣಕ್ಕೆ ಬೇಡವೆಂದು ಹೇಳಲಾಗದು. ನಾಲ್ಕು ಕಂಬ ನೆಟ್ಟು ತಗಡನ್ನಾಗಲಿ ಸೋಗೆಯನ್ನಾಗಲಿ ಹೊದಿಸಿದ ಒಂದು ಮಾಡಿನ ಖರ್ಚು ಒಂದು ಸಲದ ತಗಡಿನ ಕೆಲಸಕ್ಕೆ ತಗಲುವ ಖರ್ಚಿಗಿಂತ ಹೆಚ್ಚಾಗದು. ಪಕ್ಕಗಳನ್ನು ಮುಚ್ಚಬಾರದು, ಗಾಳಿ ಆಡಬೇಕು. ನೆಲವು ಸುತ್ತಲಿನ ಅಂಗಳಕ್ಕಿಂತ ಅರ್ಧ ಅಡಿ ಎತ್ತರವಿದ್ದು, ಮುರಕಲ್ಲಿನ ಇಲ್ಲವೆ ಸಿಮೆಂಟಿನ ಹಾಸು ಇರಬೇಕು. ಹುಲ್ಲಿನ ಮೇಲೆಯೂ ಮಣ್ಣಿನ ಮೇಲೆಯೂ ನಿಂತ ವಾಹನಕ್ಕೆ ಮೇಲಿನಿಂದ ಮಳೆ ಬೀಳದಿದ್ದರೂ ಅಡಿಯಿಂದ ಹಬೆ ಏಳುತ್ತದೆ. ಮೈಗೆ ಅಂಟುವಂತೆ ಪ್ಲಾಸ್ಟಿಕ್ ಹೊದಿಕೆಯನ್ನು ಕಟ್ಟಿಡುವವರಿದ್ದಾರೆ. ಇದು ತೆರೆದಿಡುವುದಕ್ಕಿಂತಲೂ ಕೆಟ್ಟದ್ದು. ಒಳಗಿನ ಬೆವರು ಹೊರಬೀಳದೆ ಅಲ್ಲಿಯೇ ನಿಲ್ಲುತ್ತದೆ.

ಅನೇಕರು ದನದ ಕೊಟ್ಟಿಗೆಯ ಮಾಡನ್ನೇ ಒಂದು ಬದಿಗೆ ಉದ್ದಮಾಡಿ ಜೀಪನ್ನು ನಿಲ್ಲಿಸುತ್ತಾರೆ. ಸ್ಥಳಕ್ಕೂ ಖರ್ಚಿಗೂ ಅನುಕೂಲವಾದರೂ ಇದು ಸರಿಯಲ್ಲ. ಗಂಜಳದಿಂದ ಏಳುವ ಅಮೋನಿಯಾ ಎಂಬ ಗಾಳಿಯು ತಾಮ್ರಕ್ಕೂ ಹಿತ್ತಾಳೆಗೂ ಪರಮ ಶತ್ರು. ಹಿಂದೆ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನ್ಯದವರು ಹಿತ್ತಾಳೆಯ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಿರುತ್ತಿದ್ದರು. ಮಳೆಗಾಲ ಕಳೆದು ತೆಗೆದು ನೋಡಿದರೆ ಅವು ತಮ್ಮಷ್ಟಕ್ಕೆ ಸೀಳಿರುತ್ತಿದ್ದವು. ಗಂಜಳದ ಅಮೋನಿಯಾವೂ ತೇವವೂ, ತೋಟೆಯನ್ನು ಒತ್ತಿ ತಯಾರಿಸುವಾಗ ಲೋಹದಲ್ಲಿ ಉಳಿದ ಬಿಗಿತವೂ ಕೂಡಿದ್ದೇ ಇದಕ್ಕೆ ಕಾರಣವೆಂಬುದು 1921ರಲ್ಲಿ ಶಾಸ್ತ್ರೀಯವಾಗಿ ವಿವರಿಸಲ್ಪಟ್ಟಿತು. ಹಳೆಯ ಜೀಪು ಮತ್ತು ಅಂಬಾಸಿಡರುಗಳ ರೇಡಿಯೇಟರು ಹಿತ್ತಾಳೆ ತಾಮ್ರಗಳದ್ದು. ದೀಪದ ತಂತಿಗಳು ತಾಮ್ರದವು. ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲುವ ವಾಹನದ ರೇಡಿಯೇಟರು ಎಷ್ಟು ಸಲ ಬೆಸುಗೆ ಹಾಕಿಸಿದರೂ ಸೋರುವುದಕ್ಕೂ, ದೀಪಗಳು ಒಮ್ಮೆ ಹತ್ತಿ ಒಮ್ಮೆ ಆರುವುದಕ್ಕೂ ಮೆಕ್ಯಾನಿಕನನ್ನು ದೂರುವುದಕ್ಕಿಂತ ಜಾಗವನ್ನು ಬದಲಾಯಿಸಿ ನೋಡುವುದು ಒಳ್ಳೆಯದು. ಹಿಂಡಿಯ ಚೀಲಗಳಿರುವಲ್ಲಿ ಇಲಿಗಳೂ ಇರುತ್ತವೆ, ಅವು ತಂತಿಯ ಹೊದಿಕೆಯನ್ನು ಬಿಡುವುದಿಲ್ಲ.

ಅಡಿಭಾಗದ ಪರೀಕ್ಷೆ

ಜೀಪಿಗೆ ಚಾಸಿಸು ಬೇರೆ, ಮೈ ಬೇರೆ. ಅಂಬಾಸಿಡರಿಗೂ ಮಾರುತಿಗೂ ಹಾಗಲ್ಲ. ಮೈಯ ತಗಡೇ ಎಲುಬಿನ ಕೆಲಸವನ್ನೂ ಮಾಡುತ್ತದೆ. ಆದುದರಿಂದ ಬಾಗಿಲಿನ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೆ ಅದು ಅಂದಗೇಡು ಮಾತ್ರವೆಂದು ಸುಮ್ಮನಿರುವಂತಿಲ್ಲ. ವರ್ಷಕ್ಕೊಮ್ಮೆ, ಬಿಸಿಲು ಬಲವಾಗಿರುವ ಸುಗ್ಗಿ ತಿಂಗಳಲ್ಲಿ, ವಾಹನವನ್ನು ಎತ್ತಿಸಿ ಅಡಿಭಾಗದ ಕೆಂಪುಮಣ್ಣನ್ನು ಪೂರ್ತಿಯಾಗಿ ತೊಳೆಸಬೇಕು. ನಮ್ಮ ಜೇಡಿಯಂತಹ ಕೆಂಪುಮಣ್ಣು ಮೂಲೆಗಳಲ್ಲಿ ಗಟ್ಟಿಯಾಗಿ ಕೂತು ಬೇಸಗೆಯಲ್ಲೂ ಒಳಗೆ ತೇವವನ್ನು ಹಿಡಿದಿರುತ್ತದೆ. ಚಾಸಿಸಿನ ಟೊಳ್ಳುಭಾಗಗಳಲ್ಲಿಯೂ ಬಾಗಿಲುಗಳ ಅಡಿಯಲ್ಲಿಯೂ ನೀರು ಇಳಿಯಲೆಂದು ತಯಾರಕರು ಇಟ್ಟಿರುವ ಸಣ್ಣ ತೂತುಗಳು ಸಾಧಾರಣವಾಗಿ ಈ ಮಣ್ಣಿನಿಂದ ಮುಚ್ಚಿರುತ್ತವೆ. ಅವುಗಳನ್ನು ಕಡ್ಡಿಯಿಂದ ತೆರೆಯಬೇಕು. ಐದು ನಿಮಿಷದ ಈ ಕೆಲಸವು ಬೇರೆಲ್ಲ ಕೆಲಸಗಳಿಗಿಂತ ಹೆಚ್ಚು ಫಲ ಕೊಡುವುದನ್ನು ಕಂಡಿದ್ದೇನೆ.

ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಅಡಿಭಾಗವನ್ನು ಉದ್ದಕ್ಕೂ ತಟ್ಟುತ್ತ ಹೋಗಬೇಕು. ತೆಂಗಿನಕಾಯಿಯನ್ನು ತಟ್ಟಿ ನೋಡುವವರ ಕಿವಿಗೆ ಇದು ಕಷ್ಟವಲ್ಲ. ಗಟ್ಟಿ ಕಬ್ಬಿಣವು ಕಣಕಣವೆನ್ನುತ್ತದೆ. ಒಳಗಿನಿಂದ ತಿಂದುಹೋದದ್ದು ಮಂಕಾಗಿ ಸದ್ದು ಕೊಡುತ್ತದೆ. ವಿಶೇಷವಾಗಿ ಸ್ಪ್ರಿಂಗುಗಳನ್ನು ಸಿಕ್ಕಿಸಿರುವ ಜಾಗ, ಸ್ಟಿಯರಿಂಗಿನ ಪೆಟ್ಟಿಗೆಯನ್ನು ಬಿಗಿದಿರುವ ಜಾಗ, ಬ್ರೇಕಿನ ಎಣ್ಣೆ ಹರಿಯುವ ಕಬ್ಬಿಣದ ಕೊಳವೆಗಳು, ಇವುಗಳನ್ನು ನೋಡದೆ ಬಿಡಕೂಡದು. ತುಕ್ಕನ್ನು ಕೆರೆದು, ತುಕ್ಕು ತಡೆಯುವ ಮೊದಲ ಬಣ್ಣವನ್ನು ಹಚ್ಚಿ, ಅದರ ಮೇಲೆ ಡಾಂಬರಿನ ಜಾತಿಯ ಲೇಪವನ್ನು ಕೊಡುವುದು ಸರಿಯಾದ ಕ್ರಮ. ಒದ್ದೆಯಾದ ತುಕ್ಕಿನ ಮೇಲೆಯೇ ಲೇಪ ಬಳಿಸಿದರೆ ರೋಗವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಎಂಜಿನಿನಿಂದ ತೆಗೆದ ಸುಟ್ಟ ಎಣ್ಣೆಯನ್ನು ಅಡಿಗೆ ಬಳಿಯುವ ಪದ್ಧತಿಯೂ ನಮ್ಮಲ್ಲಿ ಹಳೆಯದು. ಕಬ್ಬಿಣಕ್ಕೆ ಅದರಿಂದ ಸ್ವಲ್ಪ ಪ್ರಯೋಜನವಿದ್ದರೂ ರಬ್ಬರಿನ ಬುಶ್ಶುಗಳು ಉಬ್ಬಿ ಕೆಡುತ್ತವೆ. ಮೊದಲ ಮಳೆಗೆ ಆ ಎಣ್ಣೆಯೆಲ್ಲ ತೊಳೆದು ತೋಟದ ಕಣಿಗೂ ಬಾವಿಗೂ ಇಳಿಯುತ್ತದೆ. ವ್ಯವಸಾಯದ ಇಲಾಖೆಯ ಪತ್ರಿಕೆಯಲ್ಲಿ ಇದನ್ನು ಶಿಫಾರಸು ಮಾಡುವುದು ಸಾಧ್ಯವಿಲ್ಲ.

ಹೊಳೆ ದಾಟುವುದು

1923ರ ಮತ್ತು 1974ರ ನೇತ್ರಾವತಿಯ ನೆರೆಗಳನ್ನು ಬಂಟ್ವಾಳದ ಹಳೆಯ ಮನೆತನಗಳವರು ಇನ್ನೂ ಹೇಳುತ್ತಾರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಬುಡದ ಗ್ರಾಮಗಳಿಗೆ ಗುಡ್ಡ ಕುಸಿದು ನುಗ್ಗಿದ ನೀರು ಎಲ್ಲರಿಗೂ ನೆನಪಿದೆ. ಅಂತಹ ನೀರಿನ ಎದುರು ಯಾವ ವಾಹನವೂ ನಿಲ್ಲದು. ಇಲ್ಲಿ ಹೇಳುವುದು ಪ್ರತಿ ವರ್ಷವೂ ತೋಡಿನಲ್ಲಿ, ಕಿಂಡಿ ಅಣೆಕಟ್ಟಿನ ಮೇಲೆ ಹರಿಯುವ ನೀರಿನ ವಿಷಯ. ನಿಂತ ನೀರು ಚಕ್ರದ ನಡುಮಟ್ಟಕ್ಕಿಂತ ಮೇಲಿದ್ದರೆ ದಾಟಬಾರದು. ಹರಿಯುವ ನೀರಾದರೆ ಅಷ್ಟೂ ಸಲ್ಲದು. ಮುಂದಿನ ಅಂಚು ಕಾಣದಿದ್ದರೆ ಕಾಯುವುದೇ ಕ್ರಮ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಮೆಲ್ಲನೆ ಓಡಿಸಿದರೆ ಲೈನಿಂಗು ಒಣಗುತ್ತದೆ.

ನೀರಿನ ನಡುವೆ ಎಂಜಿನು ನಿಂತರೆ, ಅಥವಾ ಅಂಗಳದಲ್ಲಿಯೇ ವಾಹನವು ನೆರೆಯಲ್ಲಿ ಮುಳುಗಿ ಎದ್ದರೆ, ಕೀಲಿಯನ್ನು ತಿರುಗಿಸಲೇಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನೊಳಗೆ ನೀರಿರುವಾಗ ಎಂಜಿನನ್ನು ತಿರುಗಿಸಿದರೆ ಪಿಸ್ಟನಿನ ಕೈಗಳು ಬಾಗುತ್ತವೆ. ಮೊದಲು ಬ್ಯಾಟರಿಯ ತಂತಿಯನ್ನು ಬಿಡಿಸಬೇಕು. ಪೆಟ್ರೋಲಿನದಾದರೆ ಪ್ಲಗ್ಗುಗಳನ್ನು, ಡೀಸೆಲಿನದಾದರೆ ಇಂಜೆಕ್ಟರುಗಳನ್ನು ತೆಗೆಸಿ, ಎಂಜಿನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಬೇಕು. ಎಂಜಿನು, ಗೇರು ಪೆಟ್ಟಿಗೆ, ಹಿಂದಿನ ಆಕ್ಸಲು ಇವುಗಳ ಎಣ್ಣೆಯು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿದು ಬದಲಾಯಿಸತಕ್ಕದ್ದು. ಗೇರು ಪೆಟ್ಟಿಗೆಯ ಎಣ್ಣೆಯನ್ನು ಕೊಂಡ ದಿನದಿಂದ ನೋಡದವರೇ ಹೆಚ್ಚು.

ಬ್ರೇಕು

ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆಗಳ ಮೇಲೆ ಚಾರ್ಮಾಡಿ ಘಾಟಿಯನ್ನು ಹತ್ತುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಹಳೆಯ ವಾಹನಗಳಿಗೆ ನಿಜವಾದ ಪರೀಕ್ಷೆ ನಡೆಯುವುದು ಹತ್ತುವಾಗಲ್ಲ, ಇಳಿಯುವಾಗ. ಹತ್ತಲಾರದ ವಾಹನವು ನಿಲ್ಲುತ್ತದೆ, ಇಳಿಯಲಾರದ್ದು ನಿಲ್ಲುವುದಿಲ್ಲ. ಬ್ರೇಕಿನ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಸಾಮಾನ್ಯವಾಗಿ ಉಪಯೋಗಿಸುವ ಡಾಟ್ 3 ಎಂಬ ಎಣ್ಣೆಯು ಹೊಸದಾಗಿರುವಾಗ ಕಡಮೆಯೆಂದರೂ 205 ಡಿಗ್ರಿ ಶಾಖದ ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಎಣ್ಣೆಗೆ ಈ ಮಿತಿಯು 140 ಡಿಗ್ರಿ ಮಾತ್ರ. ಘಾಟಿಯ ಇಳಿತದಲ್ಲಿ ಎಡೆಬಿಡದೆ ಬ್ರೇಕು ಒತ್ತಿ ಕಾದ ಡ್ರಮ್ಮಿನ ಬಳಿ ಆ ಎಣ್ಣೆ ಕುದಿದು ಆವಿಯಾದರೆ, ಕಾಲಿನ ಕೆಳಗೆ ಪೆಡಲು ಸುಮ್ಮನೆ ಇಳಿದುಹೋಗುತ್ತದೆ. ಮಾಡುವ ಮೊದಲು ಯಾವ ಸೂಚನೆಯನ್ನೂ ಕೊಡದ ದೋಷವಿದು. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ತುಂಬಿಸಬೇಕು. ಮೇಲಿನಿಂದ ಸ್ವಲ್ಪ ಹೊಯ್ದರೆ ಸಾಲದು. ಖರ್ಚು ಅಲ್ಪ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲೆಂದು ಗೇರನ್ನು ಬಿಡಿಸಿ, ಕೆಲವರು ಎಂಜಿನನ್ನೇ ನಿಲ್ಲಿಸಿ ಇಳಿಸುವುದುಂಟು. ಇದರಿಂದ ಉಳಿಯುವುದು ಒಂದು ಲೋಟ ಡೀಸೆಲು. ಅಂದ ಹಾಗೆ, ಬ್ರೇಕಿನ ಲೈನಿಂಗುಗಳ ತಯಾರಿಯಲ್ಲಿ ನಮ್ಮ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ರಾಳವು ಉಪಯೋಗವಾಗುತ್ತದೆಂಬುದು ಗೇರು ಬೆಳೆಯುವ ವಾಚಕರಿಗೆ ಸಂತೋಷದ ಸಂಗತಿಯಾಗಬಹುದು. ಶಾಖಕ್ಕೆ ಹೆದರದ ಗುಣ ಅದಕ್ಕಿದೆ.

ಎಂಜಿನು, ನೀರು, ಪೆಟ್ರೋಲು

ಎಂಜಿನಿನ ಎಣ್ಣೆಯನ್ನು 5,000 ಕಿಲೋಮೀಟರಿಗೊಮ್ಮೆ ಬದಲಾಯಿಸುವವರು ಇದ್ದಾರೆ. ಆದರೆ ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ ತೋಟದ ಜೀಪಿಗೆ ಐದು ವರ್ಷ ಒಂದೇ ಎಣ್ಣೆ ಎಂದು ಇದಕ್ಕೆ ಅರ್ಥ ಮಾಡಬಾರದು. ಬೆಳಿಗ್ಗೆ ಹಾಲಿನ ಸೊಸೈಟಿಗೆ ಎರಡು ಕಿಲೋಮೀಟರು ಹೋಗಿ ಬಂದು ನಿಲ್ಲುವ ಎಂಜಿನು ಸರಿಯಾಗಿ ಕಾಯುವುದೇ ಇಲ್ಲ; ಒಳಗೆ ಹುಟ್ಟಿದ ನೀರಿನ ಆವಿಯು ಹೊರಹೋಗದೆ ಎಣ್ಣೆಯಲ್ಲಿ ಕೂಡುತ್ತದೆ. ಇಂತಹ ವಾಹನಕ್ಕೆ ಓಟ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಮಳೆಗಾಲ ಕಳೆದೊಡನೆ ಎಣ್ಣೆ ಬದಲಾಯಿಸಬೇಕು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ದೂರದ ದಾರಿಗೆ ಒಯ್ಯಬೇಕು. ಅಂಗಳದಲ್ಲಿ ನಿಲ್ಲಿಸಿ ಐದು ನಿಮಿಷ ಎಂಜಿನು ಓಡಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ರೇಡಿಯೇಟರಿಗೆ ತೋಡಿನ ನೀರನ್ನು ಹೊಯ್ಯುವುದು ತುರ್ತಿಗೆ ಮಾತ್ರ. ಶುದ್ಧೀಕರಿಸಿದ ನೀರಿಗೆ ಕೂಲಂಟ್ ಎಂಬ ದ್ರವವನ್ನು ಸೇರಿಸಿ ತುಂಬಿಸಬೇಕು. ಹಿಮ ಬೀಳದ ನಮ್ಮ ಊರಿಗೆ ಅದೇಕೆಂದು ಕೇಳುವವರುಂಟು, ಆದರೆ ಅದು ಒಳಗಿನ ತುಕ್ಕನ್ನು ತಡೆಯುತ್ತದೆ, ನೀರು ಬೇಗನೆ ಕುದಿಯದಂತೆಯೂ ಮಾಡುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಈಚೆಗೆ ಹೊಸದೊಂದು ಚಿಂತೆ ಸೇರಿದೆ. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲನ್ನು ಬೆರಸುವ ಗುರಿ ಮುಟ್ಟಿತು. ಕಬ್ಬು, ಜೋಳ, ಅಕ್ಕಿಗಳಿಂದ ತಯಾರಾಗುವ ಈ ಮದ್ಯಸಾರದಿಂದ ಕೃಷಿಕರಿಗೆ ಮಾರುಕಟ್ಟೆ ದೊರೆತದ್ದು ನಿಜ. ಆದರೆ ಕಾರ್ಬೊರೇಟರು ಇರುವ ಹಳೆಯ ವಾಹನಗಳನ್ನು ತಯಾರಿಸುವಾಗ ಇದನ್ನು ಯಾರೂ ಎಣಿಸಿರಲಿಲ್ಲ. ಹಳೆಯ ರಬ್ಬರು ಕೊಳವೆಗಳೂ ವಾಷರುಗಳೂ ಇದರಿಂದ ಮೆದುವಾಗಿ ಸೀಳುತ್ತವೆ; ಕಾದ ಎಂಜಿನಿನ ಮೇಲೆ ಪೆಟ್ರೋಲು ಸೋರುವುದೆಂದರೆ ಬೆಂಕಿಯ ಮಾತು. ಎಥನಾಲಿಗೆ ತಾಳುವ ಕೊಳವೆಗಳೆಂದು ಕೇಳಿ ಹಾಕಿಸತಕ್ಕದ್ದು. ಟಾಂಕಿಯ ಹಳೆಯ ಗಷ್ಟನ್ನು ಅದು ಕರಗಿಸಿ ತರುವುದರಿಂದ ಮೊದಮೊದಲು ಫಿಲ್ಟರನ್ನು ಮತ್ತೆ ಮತ್ತೆ ಬದಲಾಯಿಸಬೇಕಾಗಬಹುದು. ಮೇಲಾಗಿ ಎಥನಾಲು ತೇವವನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಅದೂ ಕೂಡಿ ಟಾಂಕಿಯ ಅಡಿಗೆ ಇಳಿಯುತ್ತವೆ. ಆಟಿಯಿಡೀ ನಿಂತಿದ್ದ ಕಾರು ಸೋಣ ತಿಂಗಳಲ್ಲಿ ಹೊರಡದಿದ್ದರೆ ಮೊದಲು ನೋಡಬೇಕಾದದ್ದು ಟಾಂಕಿಯ ಅಡಿಯನ್ನು. ಒಂದು ಲೀಟರು ಎಥನಾಲಿನ ಶಕ್ತಿಯು ಅಷ್ಟೇ ಪೆಟ್ರೋಲಿನ ಶಕ್ತಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆಯಾದ್ದರಿಂದ, ಲೀಟರಿಗೆ ಓಡುವ ದೂರ ಸ್ವಲ್ಪ ತಗ್ಗಿದರೆ ಅದು ಎಂಜಿನಿನ ದೋಷವೇ ಆಗಿರಬೇಕೆಂದಿಲ್ಲ.

ರಬ್ಬರಿನ ಮಾತು ಬಂದುದರಿಂದ ಟಯರುಗಳ ವಿಷಯವನ್ನೂ ಹೇಳುವುದು ಸೂಕ್ತ. ತೋಟದ ವಾಹನದ ಟಯರುಗಳು ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತವೆ. ಟಯರಿನ ಬದಿಯಲ್ಲಿ ಅಂಡಾಕಾರದ ಗುರುತಿನೊಳಗೆ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಬದಿಯಲ್ಲಿ ಸಣ್ಣ ಬಿರುಕುಗಳ ಬಲೆ ಕಂಡರೆ, ಮೇಲಿನ ಗೀರುಗಳು ಎಷ್ಟೇ ಆಳವಾಗಿರಲಿ, ಅಂತಹುದನ್ನು ಘಾಟಿಗೆ ಒಯ್ಯಬಾರದು.

ಕಾಗದಪತ್ರಗಳು

ಹದಿನೈದು ವರ್ಷವಾದ ವಾಹನವನ್ನು ಸರಕಾರದವರು ಒಯ್ಯುತ್ತಾರೆಂಬ ಸುದ್ದಿ ಗ್ರಾಮಗಳಲ್ಲಿ ಹಬ್ಬಿ, ಕೆಲವರು ಒಳ್ಳೆಯ ಜೀಪುಗಳನ್ನು ಗುಜರಿಯ ಬೆಲೆಗೆ ಮಾರಿದ್ದಾರೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲಣ ನಿರ್ಬಂಧವು ದಿಲ್ಲಿಯ ಸುತ್ತಣ ಪ್ರದೇಶಕ್ಕೆ ಸಂಬಂಧಪಟ್ಟ ಆಜ್ಞೆ. ನಮ್ಮಲ್ಲಿ ಖಾಸಗಿ ವಾಹನದ ನೋಂದಣಿಯು 15 ವರ್ಷಕ್ಕೆ ಮುಗಿಯುತ್ತದೆ; ವಾಹನವನ್ನು ಪರೀಕ್ಷೆಗೆ ಒಪ್ಪಿಸಿ ಯೋಗ್ಯವೆಂದು ಕಂಡರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಕಾರಿನ ಈ ನವೀಕರಣದ ಶುಲ್ಕವು 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರು ಜೀಪುಗಳಿಗೆ 10,000 ರೂಪಾಯಿಯೆಂದು ಗೊತ್ತುಮಾಡಲಾಯಿತು. ಅವಧಿ ಮೀರಿದ ಮೇಲೆ ಓಡಿಸುತ್ತಿರುವಾಗ ಅಪಘಾತವಾದರೆ ವಿಮೆಯ ತಕರಾರು ಯಜಮಾನರ ತಲೆಯ ಮೇಲೆ ಬರುತ್ತದೆ. ತೋಟದೊಳಗೆ ಮಾತ್ರ ಓಡಿಸುತ್ತೇವೆಂದು ಹೇಳುವವರ ಜೀಪೂ ರೋಗಿಯನ್ನು ಕೂಡಿಸಿಕೊಂಡು ರಸ್ತೆಗೆ ಇಳಿಯುವುದು ತಪ್ಪುವುದಿಲ್ಲ.

ಖರ್ಚನ್ನು ಎಲ್ಲಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಹಳೆಯ ವಾಹನಕ್ಕೆ ಹಣ ಹಾಕುವ ಕ್ರಮವು ನಮ್ಮಲ್ಲಿ ಹೆಚ್ಚಾಗಿ ತಲೆಕೆಳಗಾಗಿದೆ. ಮನೆಯಲ್ಲಿ ಮದುವೆಯೋ ನೇಮವೋ ಬಂದಾಗ ಬಣ್ಣ ಹಚ್ಚಿಸಿ ಸೀಟುಗಳಿಗೆ ಹೊಸ ಹೊದಿಕೆ ಹಾಕಿಸುತ್ತಾರೆ. ಬ್ರೇಕಿನ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಮೊದಲು ಬ್ರೇಕು, ಸ್ಟಿಯರಿಂಗು, ಟಯರು, ಆಮೇಲೆ ಚಾಸಿಸು, ಅನಂತರ ಎಂಜಿನು. ಬಣ್ಣವನ್ನು ತುಕ್ಕು ತಡೆಯುವ ಮಟ್ಟಿಗೆ ನೋಡಿಕೊಂಡರೆ ಸಾಕು.

ತೋಟದ ಲೆಕ್ಕದ ಪುಸ್ತಕದಲ್ಲಿ ವಾಹನಕ್ಕೆಂದು ಒಂದು ಪುಟವನ್ನು ಬಿಡಬೇಕು. ತಾರೀಕು, ಮೀಟರಿನ ಅಂಕೆ, ಎಣ್ಣೆ, ಬಿಡಿಭಾಗ, ಕೂಲಿ ಇಷ್ಟನ್ನು ಬರೆದಿಟ್ಟರೆ ಎರಡು ವರ್ಷಗಳಲ್ಲಿ ನಿಜ ಸಂಗತಿ ಹೊರಬೀಳುತ್ತದೆ. ಅನೇಕರು ಹೊಸ ವಾಹನದ ಕಂತಿಗೆ ಹೋಲಿಸದೆ ಹಳೆಯದರ ರಿಪೇರಿಯನ್ನೇ ದೊಡ್ಡದೆಂದು ಎಣಿಸುತ್ತಾರೆ. ಇನ್ನು ಕೆಲವರು ತಂದೆಯವರ ಕಾಲದ್ದೆಂಬ ಮಮತೆಯಿಂದ, ಬಿಡಬೇಕಾದುದಕ್ಕೆ ಹಣ ಸುರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎಂಜಿನು ಕೆಟ್ಟಿತೆಂದು ವಾಹನವನ್ನು ಬಿಡಬೇಕಾದ ಕಾರಣವಿಲ್ಲ. ಅದನ್ನು ಬಿಚ್ಚಿ ಸರಿಮಾಡಬಲ್ಲವರು ಪೇಟೆಗಳಲ್ಲಿ ಇನ್ನೂ ಇದ್ದಾರೆ. ಆದರೆ ಸ್ಪ್ರಿಂಗು ಸೇರುವಲ್ಲಿ, ಸ್ಟಿಯರಿಂಗು ಸೇರುವಲ್ಲಿ ಚಾಸಿಸು ತಿಂದುಹೋಗಿ, ಬೆಸುಗೆ ಹಾಕಿದರೆ ಹಿಡಿಯಲು ಒಳ್ಳೆಯ ಕಬ್ಬಿಣವೇ ಉಳಿದಿಲ್ಲವೆಂದು ಬಲ್ಲ ಮೆಕ್ಯಾನಿಕನು ಹೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ಅಂತಹ ವಾಹನವನ್ನು ಕಡಮೆ ಬೆಲೆಗೆ ಕೂಲಿಯಾಳುಗಳಿಗೋ ಬೇರೆ ಊರಿನವರಿಗೋ ದಾಟಿಸುವುದು ನ್ಯಾಯವಲ್ಲ. 2021ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಅವರು ಕೊಡುವ ಪ್ರಮಾಣಪತ್ರವನ್ನು ಪಡೆದು, ನೋಂದಣಿಯನ್ನು ರದ್ದುಮಾಡಿಸಿಕೊಳ್ಳಬೇಕು.

ಉಳಿಸಿಕೊಳ್ಳತಕ್ಕದ್ದೆಂದು ತೀರ್ಮಾನವಾದರೆ ಕೆಲಸದ ಕಾಲವನ್ನು ನೋಡಿಕೊಳ್ಳುವುದು ಅಗತ್ಯ. ಬೇಶದ ಹತ್ತಕ್ಕೆ ಪತ್ತನಾಜೆ. ಆ ಮೇಲೆ ಮಳೆ ಯಾವ ದಿನವೂ ಹಿಡಿಯಬಹುದು. ಎಲ್ಲರೂ ಪತ್ತನಾಜೆಯ ಹಿಂದಿನ ವಾರದಲ್ಲಿಯೇ ಗ್ಯಾರೇಜಿಗೆ ನುಗ್ಗುವುದರಿಂದ ಅಡಿಭಾಗದ ಕೆಲಸವು ಒಣಗುವುದಕ್ಕೆ ಸಮಯವಿಲ್ಲದೆ ಅವಸರದಲ್ಲಿ ಮುಗಿಯುತ್ತದೆ. ಬಿಸು ಕಳೆದ ವಾರದಲ್ಲಿ, ಬಿಸಿಲಿಗೂ ಬಲವಿರುವಾಗ, ಮೆಕ್ಯಾನಿಕನಿಗೂ ಪುರುಸೊತ್ತಿರುವಾಗ, ವಾಹನವನ್ನು ಒಪ್ಪಿಸಿ ನಾಲ್ಕು ದಿನ ಅಲ್ಲಿಯೇ ಬಿಟ್ಟುಬರುವುದು ಅನುಕೂಲ.